ಕುಪ್ಪಳಿಯ ಕವಿಮನೆ ಹಳೇದೇನಾ, ಹೊಸದಾಗಿ ಕಟ್ಟಿದ್ದಾ? ಅಮ್ಮನನ್ನೂ ಕರ್ಕೊಂಡು ಹೋಗಬಹುದಾ?
ನಿಮ್ಮ ಪ್ರಶ್ನೆ ಸರಿಯಾಗಿದೆ, ಏಕೆಂದರೆ ಈಗ ನೋಡಿದರೆ ಅಷ್ಟು ಅಚ್ಚುಕಟ್ಟಾಗಿದೆ. ಅದು ಕುವೆಂಪು ಬೆಳೆದ ಪೂರ್ವಿಕರ ಮನೆಯೇ. ಅವರು ಹುಟ್ಟಿದ್ದು (1904) ಕೊಪ್ಪದ ಹಿರೇಕೊಡಿಗೆಯಲ್ಲಿ, ತಾಯಿಯ ತವರಲ್ಲಿ. ಕಾಲಕ್ರಮೇಣ ಶಿಥಿಲವಾಗಿದ್ದ ಮನೆಯನ್ನು ಕುವೆಂಪು ಪ್ರತಿಷ್ಠಾನ ದುರಸ್ತಿ ಮಾಡಿಸಿ ಮ್ಯೂಸಿಯಂ ಮಾಡಿತು. ಹಾಗಾಗಿ ಪ್ರತಿ ಹಲಗೆ, ಪ್ರತಿ ಹೆಂಚೂ ಹಳೇದೇ ಅಂತ ಹುಡುಕಬೇಡಿ, ಮನೆಯ ವಿನ್ಯಾಸ ನೋಡಿ.

ಮೂರು ಅಂತಸ್ತಿನ ತೊಟ್ಟಿಮನೆ. ನಡುವೆ ತೆರೆದ ಅಂಗಳ, ತುಳಸಿಕಟ್ಟೆ, ಸುತ್ತ ಜಗುಲಿ, ದಪ್ಪ ಮರದ ಕಂಬಗಳು. ಮಲೆನಾಡಿನ ಮಳೆ ತಿಂಗಳುಗಟ್ಟಲೆ ಬಿಡಲ್ಲ ಅಲ್ವಾ, ಆಗ ಮನೆಗೆಲಸದಿಂದ ಹಿಡಿದು ಮಕ್ಕಳ ಆಟದವರೆಗೆ ಎಲ್ಲಾ ಇಂಥ ಜಗುಲಿಯ ಮೇಲೇ ನಡೀಬೇಕು, ಅದಕ್ಕೇ ಇಷ್ಟು ಅಗಲ. ನನಗೆ ಜಾಸ್ತಿ ಇಷ್ಟವಾಗೋದು ಅಡುಗೆಮನೆ ಕಡೆ. ಹಳೇ ಪಾತ್ರೆ ಪರಡಿ ನೋಡಿದರೆ ಕೂಡುಕುಟುಂಬಕ್ಕೆ ಬೇಯಿಸಿ ಹಾಕಿದ ಹೆಂಗಸರ ದುಡಿಮೆ ಎಷ್ಟಿತ್ತು ಅಂತ ತಿಳಿಯುತ್ತೆ.

ಅಮ್ಮನನ್ನು ಖಂಡಿತ ಕರ್ಕೊಂಡು ಹೋಗಿ. ಉಪ್ಪರಿಗೆ ಮೆಟ್ಟಿಲು ಹತ್ತುವಾಗ ಮಾತ್ರ ಕೈ ಹಿಡ್ಕೊಳ್ಳಿ. ಕವಿಶೈಲ ಅನ್ನೋ ಬಂಡೆಗಲ್ಲಿನ ಗುಡ್ಡ ಹತ್ತಿರವೇ ಇದೆ, 1994ರಲ್ಲಿ ಕುವೆಂಪು ಅವರ ಅಂತ್ಯಕ್ರಿಯೆ ನಡೆದದ್ದೂ ಅಲ್ಲೇ. ಸಂಜೆ ಹೊತ್ತು ಇಟ್ಟುಕೊಳ್ಳಿ. ತೀರ್ಥಹಳ್ಳಿಯಿಂದ ಕೊಪ್ಪದ ದಾರಿ ಹಿಡಿದರೆ ಸುಮಾರು 18 ಕಿ.ಮೀ.