ಭಾರ ಹೊರುವುದು ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಅಲ್ಲ

ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ನಮ್ಮ ಊರು ಗೋಕಾಕ. ಕಳೆದ ವರ್ಷ ಫೋರ್ ವ್ಹೀಲ್ ಡ್ರೈವ್ ಡಬಲ್ ಕ್ಯಾಬಿನ್ ಪಿಕಪ್ ಒಂದರ ಮೇಲೆ ಕ್ಯಾಂಪರ್ ಬಾಡಿ ಕಟ್ಟಿಸಿದೆವು. ಎರಡು ಹಾಸಿಗೆ, ಅಡುಗೆ ಕಟ್ಟೆ, ಬ್ಯಾಟರಿಗಳು, ಹಿಂತುದಿಯಲ್ಲಿ 100 ಲೀಟರಿನ ನೀರಿನ ಟ್ಯಾಂಕ್ ಇವೆ. ಹಿಂಭಾಗ ಕುಸಿದು ನಿಲ್ಲುತ್ತಿತ್ತೆಂದು ಮಾರುಕಟ್ಟೆಯಲ್ಲಿ ಸಿಗುವ ಅತ್ಯಂತ ಗಟ್ಟಿ ಶಾಕ್ ಅಬ್ಸಾರ್ಬರ್ ಹಾಕಿಸಿದೆವು. ಕುಸಿತ ಇದ್ದಷ್ಟೇ ಇದೆ, ಹಂಪ್ ಬಂದರೆ ಹಿಂದೆ ಕುಳಿತ ಮಕ್ಕಳು ಪುಟಿದು ಬೀಳುತ್ತಾರೆ, ಚೋರ್ಲಾ ಘಾಟಿನ ತಿರುವುಗಳಲ್ಲಿ ಗಾಡಿ ವಾಲುವುದೂ ನಿಂತಿಲ್ಲ. ಕಾಟಾದಲ್ಲಿ ತೂಗಿಸಿದಾಗ ಒಟ್ಟು 2,860 ಕೆಜಿ, ಹಿಂದಿನ ಚಕ್ರಗಳ ಮೇಲೆ 1,610 ಕೆಜಿ ಬಂತು. ಬಾಡಿ ಕಟ್ಟಿಸುವ ಮೊದಲು ಹಿಂದೆ 790 ಕೆಜಿ ಇತ್ತು. ಆರ್‌ಸಿಯಲ್ಲಿ ಒಟ್ಟು ಭಾರದ ಮಿತಿ 2,950 ಕೆಜಿ ಎಂದಿದೆ. ಇದಕ್ಕಿಂತ ಒಳ್ಳೆಯ ಶಾಕ್ ಯಾವುದು?

ಉತ್ತರ: ನೀವು ಗಾಡಿಯನ್ನು ತೂಗಿಸಿ ಬರೆದದ್ದು ದೊಡ್ಡ ಉಪಕಾರವಾಯಿತು. ಬೆಳಗಾವಿಯ ಉದ್ಯಮಬಾಗಿನ ನನ್ನ ವರ್ಕ್‌ಶಾಪಿಗೆ ಬರುವ ಹತ್ತು ಕ್ಯಾಂಪರ್ ಗಾಡಿಗಳಲ್ಲಿ ಎಂಟರ ಮಾಲೀಕರಿಗೆ ತಮ್ಮ ಗಾಡಿಯ ತೂಕ ಗೊತ್ತಿರುವುದಿಲ್ಲ. ನಮ್ಮ ಭಾಗದಲ್ಲಿ ಇದಕ್ಕೆ ನೆಪವೇ ಇಲ್ಲ, ಕಬ್ಬು ತೂಗುವ ಕಾಟಾಗಳು ದಾರಿಯುದ್ದಕ್ಕೂ ಇವೆ. ಟ್ಯಾಂಕಿನಲ್ಲಿ ನೀರು, ಡೀಸೆಲ್, ಸಾಮಾನು, ಜನ ಎಲ್ಲವೂ ಇರುವಂತೆ ಗಾಡಿಯನ್ನು ಒಯ್ದು, ಮೊದಲು ಮುಂದಿನ ಚಕ್ರಗಳನ್ನಷ್ಟೇ ಕಾಟಾದ ಮೇಲೆ ನಿಲ್ಲಿಸಿ, ನಂತರ ಇಡೀ ಗಾಡಿಯನ್ನು, ಕೊನೆಗೆ ಹಿಂದಿನ ಚಕ್ರಗಳನ್ನಷ್ಟೇ ನಿಲ್ಲಿಸಿ ಮೂರು ಚೀಟಿ ಪಡೆಯಬೇಕು. ಮುಂದಿನದು ಮತ್ತು ಹಿಂದಿನದು ಕೂಡಿದರೆ ಒಟ್ಟು ತೂಕಕ್ಕೆ ಹತ್ತಿರ ಬರಬೇಕು.

ಈಗ ನಿಮ್ಮ ತೊಂದರೆಗೆ ಬರೋಣ. ಗಾಡಿಯ ಭಾರವನ್ನು ಹೊರುವುದು ಸ್ಪ್ರಿಂಗ್, ಆ ಸ್ಪ್ರಿಂಗಿನ ಕುಣಿತವನ್ನು ಹಿಡಿದು ನಿಲ್ಲಿಸುವುದಷ್ಟೇ ಶಾಕ್ ಅಬ್ಸಾರ್ಬರಿನ ಕೆಲಸ. ಎಣ್ಣೆ ತುಂಬಿದ ಕೊಳವೆಯೊಳಗೆ ಸಣ್ಣ ರಂಧ್ರಗಳಿರುವ ಪಿಸ್ಟನ್ ಚಲಿಸುವಾಗ ಮಾತ್ರ ಅದು ತಡೆ ಒಡ್ಡುತ್ತದೆ. ಗಾಡಿ ನಿಂತಾಗ ಆ ತಡೆ ಇರುವುದಿಲ್ಲ. ಒತ್ತಡದ ಗ್ಯಾಸ್ ಇರುವ ಶಾಕ್‌ಗಳು ತಮ್ಮ ರಾಡನ್ನು 30–40 ಕೆಜಿ ಬಲದಿಂದ ಹೊರಕ್ಕೆ ತಳ್ಳುವುದುಂಟಾದರೂ, ಹಿಂದೆ 820 ಕೆಜಿ ಹೆಚ್ಚು ಹೊತ್ತ ಗಾಡಿಯನ್ನು ಅದರಿಂದ ಎತ್ತಲಾಗದು. ಆದ್ದರಿಂದ ಕುಸಿತ ಇದ್ದಷ್ಟೇ ಉಳಿದದ್ದರಲ್ಲಿ ಆಶ್ಚರ್ಯವಿಲ್ಲ.

ಲೆಕ್ಕ ಹಾಕಿ ನೋಡೋಣ. ಹಿಂದಿನ ಆಕ್ಸಲ್ ಮತ್ತು ಚಕ್ರಗಳ ತೂಕ ಸುಮಾರು 250 ಕೆಜಿ ಎಂದಿಟ್ಟುಕೊಳ್ಳಿ. ಅದು ಟಯರ್ ಮೇಲೆ ಕೂರುತ್ತದೆಯೇ ಹೊರತು ಸ್ಪ್ರಿಂಗಿನ ಮೇಲಲ್ಲ. ಅದನ್ನು ಕಳೆದರೆ, ಮೊದಲು ಒಂದೊಂದು ಬದಿಯ ಸ್ಪ್ರಿಂಗ್ ಹೊರುತ್ತಿದ್ದದ್ದು 270 ಕೆಜಿ, ಈಗ ಹೊರುತ್ತಿರುವುದು 680 ಕೆಜಿ. ಇಂಥ ಪಿಕಪ್‌ನ ಪಾಟಾ ಕಟ್ಟು (ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳ ಸ್ಪ್ರಿಂಗ್) ಒಂದು ಮಿ.ಮೀ. ತಗ್ಗಲು 5.6 ಕೆಜಿ ಬೇಕೆಂದು ಹಿಡಿದರೆ, ಹೆಚ್ಚಿದ 410 ಕೆಜಿಗೆ ಗಾಡಿ 73 ಮಿ.ಮೀ. ಇಳಿಯುತ್ತದೆ. ಅಂದರೆ ನಾಲ್ಕು ಬೆರಳಗಲ. ಚಕ್ರ ಮೇಲೇರಲು ಇದ್ದ ಜಾಗದಲ್ಲಿ ಇಷ್ಟು ಮೊದಲೇ ಖರ್ಚಾಗಿಹೋದದ್ದರಿಂದ, ಹಂಪ್ ಬಂದಾಗ ಆಕ್ಸಲ್ ನೇರವಾಗಿ, ಚಕ್ರದ ಏರಿಕೆಗೆ ಕೊನೆಯ ತಡೆಯಾದ ಬಂಪ್ ಸ್ಟಾಪ್ ರಬ್ಬರಿಗೆ ಬಡಿಯುತ್ತದೆ. ಅದರ ಜೊತೆಗೆ ನೀವು ಹಾಕಿಸಿದ ಶಾಕ್‌ನಲ್ಲಿ ಒತ್ತುವಾಗಿನ ತಡೆಯೂ ವಿಪರೀತವಿದ್ದರೆ, ಆ ಪೆಟ್ಟು ಸ್ಪ್ರಿಂಗಿಗೆ ಹೋಗದೆ ಚೆಸಿಗೆ, ಅಲ್ಲಿಂದ ಮಕ್ಕಳ ಬೆನ್ನಿಗೆ ಹೋಗುತ್ತದೆ.

ಹಳೆಯ ಶಾಕ್ ಸಾಲುತ್ತಿರಲಿಲ್ಲ ಎಂಬುದೂ ನಿಜವೇ. ಹೊರೆ ಎರಡೂವರೆ ಪಟ್ಟಾದಾಗ, ಅದೇ ಸ್ಪ್ರಿಂಗ್, ಅದೇ ಶಾಕ್‌ನಲ್ಲಿ ಕುಣಿತ ತಡೆಯುವ ಪ್ರಮಾಣ ಮೊದಲಿನ 63 ಶೇಕಡಕ್ಕೆ ಇಳಿಯುತ್ತದೆ. ಆದರೆ ಕೊರತೆ ಬಿದ್ದದ್ದು ಮುಖ್ಯವಾಗಿ ಸ್ಪ್ರಿಂಗ್ ಮರಳಿ ಮೇಲೇಳುವಾಗಿನ ತಡೆಯಲ್ಲಿ, ಅಂದರೆ ರಿಬೌಂಡ್‌ನಲ್ಲಿ. ಒತ್ತುವಾಗ ಶಾಕ್‌ಗೆ ಸ್ಪ್ರಿಂಗ್ ಜೊತೆಗಿರುತ್ತದೆ, ಮರಳುವಾಗ ಒತ್ತಿಟ್ಟ ಸ್ಪ್ರಿಂಗಿನ ಇಡೀ ಬಲವನ್ನು ಶಾಕ್ ಒಂಟಿಯಾಗಿ ಹಿಡಿಯಬೇಕು.

ನನ್ನ ಸಲಹೆ ಇಷ್ಟು: ಮೊದಲು ಪಾಟಾ. ಮಿ.ಮೀ.ಗೆ ಸುಮಾರು 7 ಕೆಜಿ ತಡೆಯುವ, ನಿಮ್ಮ ಕಾಯಂ ಭಾರಕ್ಕೆ ತಕ್ಕ ಕಮಾನು ಉಳ್ಳ ಹೊಸ ಕಟ್ಟನ್ನು ಮಾಡಿಸಿ. ಹಳೆಯ ಕಟ್ಟಿಗೆ ಒಂದೆರಡು ದಪ್ಪ ಪಾಟಾ ತುರುಕುವುದು ಅಗ್ಗವೆನಿಸಿದರೂ ನಾನು ಒಪ್ಪುವುದಿಲ್ಲ. ಪಾಟಾದ ಬಿಗಿ ಅದರ ದಪ್ಪದ ಘನಕ್ಕೆ ಅನುಗುಣವಾಗಿ ಏರುತ್ತದೆ. 7 ಮಿ.ಮೀ. ದಪ್ಪದ ಜಾಗದಲ್ಲಿ 9 ಮಿ.ಮೀ. ಹಾಕಿದರೆ ಆ ಒಂದು ಪಾಟಾ ಎರಡು ಪಟ್ಟಿಗಿಂತ ಹೆಚ್ಚು ಬಿಗಿಯಾಗಿ, ಉಳಿದವುಗಳ ಪಾಲಿನ ಹೊರೆಯನ್ನೂ ತಾನೇ ಹೊತ್ತು, ಒಂದು ದಿನ ಸೆಂಟರ್ ಬೋಲ್ಟ್ ಹತ್ತಿರ ತುಂಡಾಗುತ್ತದೆ. ಹೊಸ ಕಟ್ಟು ಕುಳಿತ ಮೇಲೆ ಅದಕ್ಕೆ ಹೊಂದುವ ಶಾಕ್ ಆರಿಸಬೇಕು. ನನ್ನ ಲೆಕ್ಕದಲ್ಲಿ ನಿಮಗೆ ಬೇಕಾದ ತಡೆ ಖಾಲಿ ಪಿಕಪ್‌ಗೆ ಸಾಕಾಗುತ್ತಿದ್ದುದರ ಒಂದೂಮುಕ್ಕಾಲು ಪಟ್ಟು. ಕೊಳ್ಳುವಾಗ "ಹೆವಿ ಡ್ಯೂಟಿ" ಎಂಬ ಚೀಟಿಯನ್ನು ನಂಬದೆ, ಎಷ್ಟು ಕಾಯಂ ಹೊರೆಗೆ ವಾಲ್ವ್ ಹೊಂದಿಸಲಾಗಿದೆ, ಮರಳುವಾಗಿನ ತಡೆ ಎಷ್ಟು, ಪೂರ್ತಿ ಹಿಗ್ಗಿದಾಗ ಮತ್ತು ಪೂರ್ತಿ ಕುಗ್ಗಿದಾಗ ಉದ್ದವೆಷ್ಟು ಎಂದು ಕೇಳಿ. ಉದ್ದ ತಪ್ಪಿದರೆ ಬಂಪ್ ಸ್ಟಾಪ್ ಮುಟ್ಟುವ ಮೊದಲೇ ಶಾಕ್ ತಳ ಬಡಿದು ಒಡೆಯುತ್ತದೆ.

ತಿರುವಿನಲ್ಲಿ ವಾಲುವುದು ಬೇರೆ ವಿಷಯ. ಶಾಕ್ ಗಟ್ಟಿಯಿದ್ದರೆ ಗಾಡಿ ನಿಧಾನವಾಗಿ ವಾಲುತ್ತದೆ, ಆದರೆ ಚೋರ್ಲಾದಂತಹ ಉದ್ದನೆಯ ತಿರುವಿನಲ್ಲಿ ಕೊನೆಗೆ ಮೊದಲಿನಷ್ಟೇ ವಾಲುತ್ತದೆ. ವಾಲುವಿಕೆಯನ್ನು ಕಡಿಮೆ ಮಾಡುವುದು ಸ್ಪ್ರಿಂಗ್ ಮತ್ತು ಎಡಬಲದ ಚಕ್ರಗಳನ್ನು ಜೋಡಿಸುವ ಕಂಬಿಯಾದ ಆ್ಯಂಟಿ ರೋಲ್ ಬಾರ್. ಅದಕ್ಕಿಂತ ಮೊದಲು ಭಾರವನ್ನು ಕೆಳಗಿಳಿಸಿ. ನೀರಿನ ಟ್ಯಾಂಕನ್ನಂತೂ ಹಿಂತುದಿಯಿಂದ ತೆಗೆಯಲೇಬೇಕು. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 3.1 ಮೀಟರ್ ಇದ್ದು, ಟ್ಯಾಂಕ್ ಹಿಂದಿನ ಆಕ್ಸಲ್‌ನಿಂದ ಒಂದು ಮೀಟರ್ ಹಿಂದಿದ್ದರೆ, 100 ಕೆಜಿ ನೀರು ಹಿಂದಿನ ಚಕ್ರಗಳ ಮೇಲೆ 132 ಕೆಜಿ ಹೇರಿ, ಮುಂದಿನ ಚಕ್ರಗಳಿಂದ 32 ಕೆಜಿಯನ್ನು ಕಿತ್ತುಕೊಳ್ಳುತ್ತದೆ. ಅದೇ ಟ್ಯಾಂಕ್ ಎರಡು ಆಕ್ಸಲ್‌ಗಳ ನಡುವೆ, ನೆಲಮಟ್ಟದಲ್ಲಿ ಇದ್ದರೆ ಸ್ಟೀರಿಂಗ್ ಹಗುರವಾಗಿ ತೇಲುವ ಭಯವೂ ಹೋಗುತ್ತದೆ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಹಲವು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್‌ನಿಂದ ಚೆಸಿಗೆ ಒಂದು ಕಡ್ಡಿ ಜೋಡಿಸಿರುತ್ತದೆ. ಹೊರೆ ಹೆಚ್ಚಿ ಹಿಂಭಾಗ ತಗ್ಗಿದಾಗ ಆ ಕಡ್ಡಿ ಅಲ್ಲಿರುವ ಬ್ರೇಕ್ ವಾಲ್ವನ್ನು ತಿರುಗಿಸಿ ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಕೊಡುತ್ತದೆ. ಪಾಟಾ ಬದಲಿಸಿ ಹಿಂಭಾಗ ಎತ್ತಿದರೆ, ಗಾಡಿ ಖಾಲಿಯಿದೆ ಎಂದು ಆ ವಾಲ್ವ್ ತಿಳಿದು ಹಿಂದಿನ ಬ್ರೇಕನ್ನು ಕಡಿತಗೊಳಿಸುತ್ತದೆ. ವರ್ಷಗಳ ಹಿಂದೆ ನಾನೇ ಈ ಕಡ್ಡಿಯನ್ನು ಮರುಹೊಂದಿಸದೆ ಒಂದು ಗಾಡಿಯನ್ನು ಕಳಿಸಿಬಿಟ್ಟಿದ್ದೆ. ಘಾಟ್ ಇಳಿಯುವಾಗ ಮುಂದಿನ ಬ್ರೇಕ್ ಕಾದು ಸುಟ್ಟ ವಾಸನೆ ಬಂದು, ಆ ಕುಟುಂಬ ರಸ್ತೆ ಬದಿಗೆ ನಿಲ್ಲಿಸಿ ನನಗೆ ಫೋನ್ ಮಾಡಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಅಂದಿನಿಂದ ಪಾಟಾ ಕೆಲಸ ಮುಗಿದ ಯಾವ ಗಾಡಿಯೂ ಆ ಕಡ್ಡಿಯನ್ನು ನಾನೇ ಕೈಯಿಂದ ಮುಟ್ಟಿ ನೋಡದೆ ಗೇಟು ದಾಟಿಲ್ಲ.

ಇನ್ನು, ಬಾಡಿ ಬದಲಾವಣೆಯನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಆರ್‌ಸಿಯಲ್ಲಿ ದಾಖಲಿಸಿರದಿದ್ದರೆ ಅದನ್ನೂ ಮುಗಿಸಿಕೊಳ್ಳಿ. ನಿಮ್ಮ ಮಿತಿಗೆ ಉಳಿದಿರುವುದು 90 ಕೆಜಿ ಮಾತ್ರ. ಪಾಟಾ ಗಟ್ಟಿಯಾದ ಮಾತ್ರಕ್ಕೆ ಆ ಮಿತಿ ಏರುವುದಿಲ್ಲ.

ಪ್ರಶ್ನೆ: ಶಾಕ್‌ಗಳಲ್ಲಿ ಮೊನೊಟ್ಯೂಬ್ ಒಳ್ಳೆಯದೋ, ಟ್ವಿನ್‌ಟ್ಯೂಬ್ ಒಳ್ಳೆಯದೋ? ಸ್ಪಿತಿ, ಲಡಾಖ್ ಕಡೆ ಹೋಗುವ ವಿಚಾರವಿದೆ. — ಜಮಖಂಡಿಯ ಓದುಗರು

ಉತ್ತರ: ಟ್ವಿನ್‌ಟ್ಯೂಬ್‌ನಲ್ಲಿ ಒಂದರೊಳಗೊಂದು ಎರಡು ಕೊಳವೆಗಳಿದ್ದು, ಎಣ್ಣೆ ಒಳಗಿನಿಂದ ಹೊರಗಿನದಕ್ಕೆ ಹೋಗಿಬರುತ್ತದೆ. ಗಂಟೆಗಟ್ಟಲೆ ಕೆಟ್ಟ ರಸ್ತೆಯಲ್ಲಿ ಓಡಿದಾಗ ಎಣ್ಣೆ ಕಾದು, ಗಾಳಿಯೊಂದಿಗೆ ಬೆರೆತು ನೊರೆಯಾಗುತ್ತದೆ. ನೊರೆಯೊಳಗೆ ಚಲಿಸುವ ಪಿಸ್ಟನ್‌ಗೆ ತಡೆಯೇ ಇರುವುದಿಲ್ಲ. ಮೊನೊಟ್ಯೂಬ್‌ನಲ್ಲಿ ತೇಲುವ ಒಂದು ಪಿಸ್ಟನ್ ಎಣ್ಣೆಯನ್ನೂ ನೈಟ್ರೋಜನ್ ಗ್ಯಾಸನ್ನೂ ಬೇರೆ ಮಾಡಿ, ಸುಮಾರು 20ರಿಂದ 25 ಬಾರ್ ಒತ್ತಡದಲ್ಲಿ ಹಿಡಿದಿಡುವುದರಿಂದ ನೊರೆ ಏಳುವುದಿಲ್ಲ, ಒಂದೇ ಗೋಡೆಯಿರುವುದರಿಂದ ಬಿಸಿಯೂ ಬೇಗ ಆರುತ್ತದೆ. ಫ್ರಾನ್ಸಿನ ಕ್ರಿಶ್ಚಿಯನ್ ಬೂರ್ಸಿಯೇ ದ ಕಾರ್ಬೋನ್ ರೂಪಿಸಿದ ಈ ವಿಧಾನವನ್ನು 1950ರ ದಶಕದಲ್ಲಿ ಬಿಲ್‌ಸ್ಟೈನ್ ಕಂಪನಿ ಮರ್ಸಿಡಿಸ್ ಬೆಂಜ್ ಕಾರುಗಳ ಮೂಲಕ ಬಳಕೆಗೆ ತಂದಿತು.

ಭಾರದ ಗಾಡಿಗೆ ಪಿಸ್ಟನ್‌ನ ಗಾತ್ರವೂ ಅಷ್ಟೇ ಮುಖ್ಯ. 35 ಮಿ.ಮೀ. ಪಿಸ್ಟನ್‌ಗಿಂತ 46 ಮಿ.ಮೀ. ಪಿಸ್ಟನ್‌ನ ವಿಸ್ತೀರ್ಣ 1.7 ಪಟ್ಟು. ಅದೇ ತಡೆಯನ್ನು ಅದು ಕಡಿಮೆ ಒತ್ತಡದಲ್ಲಿ ಕೊಡುವುದರಿಂದ ಸೀಲ್ ಹೆಚ್ಚು ಕಾಲ ಬಾಳುತ್ತದೆ. ಹಾಗೆಂದು ಮೊನೊಟ್ಯೂಬ್ ಎಲ್ಲರಿಗೂ ಸರಿ ಎನ್ನಲಾರೆ. ಅದರ ಹೊರಗೋಡೆಯೇ ಪಿಸ್ಟನ್ ಓಡಾಡುವ ಗೋಡೆ. ಕಡಿ ಹಾಸಿದ ರಸ್ತೆಯಲ್ಲಿ ಟಯರ್ ಎರಚಿದ ಒಂದು ಕಲ್ಲು ಅದನ್ನು ನಗ್ಗಿಸಿದರೆ ಪಿಸ್ಟನ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಟ್ವಿನ್‌ಟ್ಯೂಬ್ ಹೊರಗೆ ನಗ್ಗಿದರೂ ಬಹುಮಟ್ಟಿಗೆ ಕೆಲಸ ಮಾಡುತ್ತದೆ. ಸ್ಪಿತಿಯ ಕಲ್ಲುದಾರಿಗೆ ಹೋಗುವವರಿಗೆ ನಾನು ದೊಡ್ಡ ಪಿಸ್ಟನ್‌ನ ಮೊನೊಟ್ಯೂಬ್ ಹಾಕಿ, ಅದರ ಮುಂದೆ ದಪ್ಪ ರಬ್ಬರ್ ಅಥವಾ ತಗಡಿನ ಕಾವಲು ಕಟ್ಟಿಸುತ್ತೇನೆ. ಬೆಳಗಾವಿ, ಗೋವಾ, ಬಾದಾಮಿ ಸುತ್ತುವವರಿಗೆ ಒಳ್ಳೆಯ ಗ್ಯಾಸ್ ಟ್ವಿನ್‌ಟ್ಯೂಬ್ ಧಾರಾಳವಾಗಿ ಸಾಕು. ಉಳಿದ ಹಣದಲ್ಲಿ ಟಯರ್ ಕೊಳ್ಳಿ.

ಪ್ರಶ್ನೆ: ನಮ್ಮ ಗಾಡಿಯ ಶಾಕ್‌ಗಳಲ್ಲಿ ಒತ್ತುವಾಗಿನ ತಡೆಗೂ ಮರಳುವಾಗಿನ ತಡೆಗೂ ತಿರುಗಿಸುವ ಬೇರೆ ಬೇರೆ ಗುಂಡಿಗಳಿವೆ. ಎಲ್ಲಿಂದ ಶುರು ಮಾಡಬೇಕು? — ವಿಜಯಪುರದ ಓದುಗರು

ಉತ್ತರ: ಟಯರ್‌ನಿಂದ ಶುರು ಮಾಡಿ. ಗಾಳಿಯ ಒತ್ತಡ ತಪ್ಪಾಗಿದ್ದರೆ ಮುಂದಿನ ಶ್ರಮವೆಲ್ಲ ನೀರಲ್ಲಿ ಹೋಮ. ಪೂರ್ತಿ ಹೊರೆ ಹಾಕಿ, ತಂಪಾದ ಟಯರ್‌ಗೆ ಸರಿಯಾದ ಗಾಳಿ ತುಂಬಿಸಿ, ಗುಂಡಿಗಳನ್ನು ಪೂರ್ತಿ ಮುಚ್ಚಿದ ಸ್ಥಿತಿಯಿಂದ ಕ್ಲಿಕ್ ಎಣಿಸಿ ಮಧ್ಯಕ್ಕೆ ತಂದು, ವಹಿಯಲ್ಲಿ ಬರೆದುಕೊಳ್ಳಿ. ಒಂದು ಸಲಕ್ಕೆ ಒಂದೇ ಗುಂಡಿಯನ್ನು, ಎಡಬಲ ಎರಡೂ ಕಡೆ ಸಮನಾಗಿ ತಿರುಗಿಸಿ, ಪ್ರತಿ ಸಲವೂ ಅದೇ ರಸ್ತೆಯಲ್ಲಿ ಅದೇ ವೇಗದಲ್ಲಿ ಓಡಿಸಬೇಕು.

ಈ ಪರೀಕ್ಷೆಗೆ ನಿಮ್ಮ ಜಿಲ್ಲೆಯಷ್ಟು ಒಳ್ಳೆಯ ಜಾಗ ಸಿಗುವುದು ಕಷ್ಟ. ಎರೆ ನೆಲ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವುದರಿಂದ ಡಾಂಬರು ರಸ್ತೆಗಳೂ ಉದ್ದುದ್ದ ಅಲೆಯಾಗಿ ಏರಿಳಿಯುತ್ತವೆ. ಅಂಥ ಅಲೆಯೊಂದನ್ನು 50–60 ಕಿ.ಮೀ. ವೇಗದಲ್ಲಿ ದಾಟಿ ನೋಡಿ. ಗಾಡಿ ಒಮ್ಮೆ ಎದ್ದು, ಒಮ್ಮೆ ಇಳಿದು ಕೂತುಬಿಡಬೇಕು. ಎರಡನೆಯ ಸಲ, ಮೂರನೆಯ ಸಲ ತೂಗಿದರೆ ಮರಳುವಾಗಿನ ತಡೆಯನ್ನು ಎರಡು ಕ್ಲಿಕ್ ಹೆಚ್ಚಿಸಿ. ಆಮೇಲೆ, ಹೊಲದ ದಾರಿಯಲ್ಲಿ ತಗಡಿನ ಸುಕ್ಕಿನಂತೆ ಸಾಲುಗಟ್ಟಿದ ಸಣ್ಣ ಏರುತಗ್ಗುಗಳ ಮೇಲೆ ಓಡಿಸಿ. ಮೊದಲು ಮೆತ್ತಗಿದ್ದು, ಕೆಲವು ಮೀಟರ್ ಹೋದಂತೆ ಗಾಡಿ ತಗ್ಗುತ್ತ ಬಿರುಸಾಗುತ್ತ ಹೋದರೆ ಮರಳುವಾಗಿನ ತಡೆ ಅತಿಯಾಗಿದೆ. ಮುಂದಿನ ದಿಣ್ಣೆ ಬರುವಷ್ಟರಲ್ಲಿ ಚಕ್ರ ಕೆಳಗೆ ಮರಳಲಾಗದೆ ಸ್ಪ್ರಿಂಗ್ ಮೆಟ್ಟಿಲು ಮೆಟ್ಟಿಲಾಗಿ ಒತ್ತಿಕೊಳ್ಳುತ್ತದೆ. ಒಂದು ಕ್ಲಿಕ್ ಹಿಂದಕ್ಕೆ ಬನ್ನಿ.

ಒತ್ತುವಾಗಿನ ತಡೆಯನ್ನು ಕೊನೆಗೆ ನೋಡಬೇಕು. ಶಾಕ್ ರಾಡಿನ ಬುಡಕ್ಕೆ ಒಂದು ಪ್ಲಾಸ್ಟಿಕ್ ಕೇಬಲ್ ಟೈ ಕಟ್ಟಿ, ಕೊಳವೆಯ ಅಂಚಿಗೆ ತಾಗುವಂತೆ ಸರಿಸಿ, ಚೂಪಾದ ಗುಂಡಿಗಳಿರುವ ದಾರಿಯಲ್ಲಿ ಹೋಗಿಬನ್ನಿ. ಟೈ ಎಲ್ಲಿಗೆ ಸರಿದು ನಿಂತಿದೆಯೋ ಅಲ್ಲಿಯವರೆಗೆ ಶಾಕ್ ಕುಗ್ಗಿದೆ ಎಂದರ್ಥ. ಕೆಟ್ಟ ಗುಂಡಿಗೂ ಅದು ಅರ್ಧಕ್ಕೇ ನಿಂತಿದ್ದರೆ ತಡೆಯನ್ನು ಸಡಿಲಿಸಿ, ಸಾಧಾರಣ ಗುಂಡಿಗೇ ಕೊನೆ ಮುಟ್ಟಿದರೆ ಬಿಗಿ ಮಾಡಿ. ರಾಡಿಗೆ ಗೀರು ಬೀಳದಂತೆ ಟೈ ಸಡಿಲವಾಗಿರಲಿ, ಪರೀಕ್ಷೆ ಮುಗಿದ ಮೇಲೆ ಕತ್ತರಿಸಿ ತೆಗೆಯಿರಿ.

ಪ್ರಶ್ನೆ: ಪಾಟಾ ಬದಲಿಸುವ ಬದಲು ಆಕ್ಸಲ್ ಮೇಲೆ ಕೂರುವ ಗಾಳಿ ತುಂಬಿದ ಸ್ಪ್ರಿಂಗ್, ಅಂದರೆ ಏರ್‌ಬ್ಯಾಗ್, ಹಾಕಿಸಿದರೆ ಆಗದೇ? — ಇಳಕಲ್ಲಿನ ಓದುಗರು

ಉತ್ತರ: ಹೊರೆ ದಿನಕ್ಕೊಂದು ತೆರನಾಗಿರುವ ಗಾಡಿಗೆ ಅದು ಒಳ್ಳೆಯ ಸಹಾಯಕ, ಕಾಯಂ ಹೊರೆಗೆ ಪಾಟಾದ ಬದಲಿಯಲ್ಲ. ಪಾಟಾ ತನ್ನ ಹೊರೆಯನ್ನು ಮುಂದಿನ ಹ್ಯಾಂಗರ್ ಮತ್ತು ಹಿಂದಿನ ಶಾಕಲ್ ಎಂಬ ಎರಡು ಕಡೆ ಚೆಸಿಗೆ ಹಂಚುತ್ತದೆ. ಏರ್‌ಬ್ಯಾಗ್ ಅಷ್ಟನ್ನೂ ಆಕ್ಸಲ್‌ನ ನೇರ ಮೇಲೆ ಒಂದೇ ಜಾಗದಲ್ಲಿ ಒತ್ತುತ್ತದೆ. ಹಿಂದೆ ಉದ್ದಕ್ಕೆ ಚಾಚಿದ ಕ್ಯಾಂಪರ್ ಬಾಡಿಯಿದ್ದು, ಗಾಡಿ ಗುಂಡಿಗೆ ಬಿದ್ದಾಗ, ಆ ಬಿಂದುವಿನ ಮೇಲೆ ಚೆಸಿ ಕೋಲಿನಂತೆ ಬಾಗುತ್ತದೆ. ಆಸ್ಟ್ರೇಲಿಯಾದ ಡಬಲ್ ಕ್ಯಾಬಿನ್ ಪಿಕಪ್‌ಗಳಲ್ಲಿ ಹೀಗೆ ಚೆಸಿ ಬಾಗಿದ ಪ್ರಕರಣಗಳು ಎಲ್ಲರಿಗೂ ತಿಳಿದಿವೆ. ಹಾಕಿಸಲೇಬೇಕಿದ್ದರೆ ಎಡಬಲದ ಬ್ಯಾಗುಗಳಿಗೆ ಬೇರೆ ಬೇರೆ ಗಾಳಿ ಕೊಳವೆ ಎಳೆಸಿ. ಎರಡನ್ನೂ ಒಂದೇ ಕೊಳವೆಗೆ ಸೇರಿಸಿದರೆ ತಿರುವಿನಲ್ಲಿ ಹೊರಬದಿಯ ಗಾಳಿ ಒಳಬದಿಗೆ ಹರಿದು ಗಾಡಿ ಇನ್ನಷ್ಟು ವಾಲುತ್ತದೆ. ಈಗಾಗಲೇ ಹಾಕಿಸಿದವರು ಕ್ಯಾಬಿನ್ನಿನ ಹಿಂಗೋಡೆ ಮತ್ತು ಬಾಡಿಯ ನಡುವಿನ ಸಂದಿಯನ್ನು ಮೇಲೂ ಕೆಳಗೂ ಅಳೆದು ನೋಡಲಿ. ಮೊದಲು ಸಮನಾಗಿದ್ದ ಸಂದಿ ಈಗ ಮೇಲ್ಗಡೆ ಅಗಲವಾಗಿದ್ದರೆ, ಅಥವಾ ಚೆಸಿಯ ಪೇಂಟಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೆ, ನೀರು, ಸಾಮಾನು ಎಲ್ಲವನ್ನೂ ಅಲ್ಲೇ ಇಳಿಸಿ, ಖಾಲಿ ಗಾಡಿಯನ್ನು ನಿಧಾನವಾಗಿ ವರ್ಕ್‌ಶಾಪಿಗೆ ತನ್ನಿ.