ಅಪ್ಪನ ಅಬ್ಲೇಷನ್‌ಗೆ ಪೂರ್ತಿ ಅನಸ್ತೇಸಿಯಾ ಯಾಕೆ?

ಪ್ರಶ್ನೆ: ಡಾಕ್ಟ್ರೇ, ನನ್ನ ಅಪ್ಪನಿಗೆ 64 ವರ್ಷ. ಏಟ್ರಿಯಲ್ ಫಿಬ್ರಿಲೇಷನ್ ಇದೆ, ಎದೆಬಡಿತ ತಾಳ ತಪ್ಪುತ್ತದೆ. ಪೂರ್ತಿ ಅನಸ್ತೇಸಿಯಾ ಕೊಟ್ಟು ಅಬ್ಲೇಷನ್, ಅಂದರೆ ಹೃದಯದೊಳಗೆ ತಾಳ ಕೆಡಿಸುವ ಜಾಗ ಸುಡುವುದು, ಮಾಡುತ್ತಾರಂತೆ. ನನ್ನ ಅತ್ತಿಗೆಗೆ ಎಸ್‌ವಿಟಿ ಅಂತ, ಅಂದರೆ ಎದೆಬಡಿತ ಇದ್ದಕ್ಕಿದ್ದಂತೆ ಓಡುತ್ತದೆ ಅಂತ, ಅಬ್ಲೇಷನ್ ಆದಾಗ ಎಚ್ಚರವಾಗೇ ಇದ್ದರು. ಅಪ್ಪನಿಗೆ ಯಾಕೆ ಹೀಗೆ? ಶುಗರ್ ಇದೆ, ಗೊರಕೆಯೂ ಜಾಸ್ತಿ. ಭಯವಾಗುತ್ತಿದೆ.

ಉತ್ತರ: ಹೆಸರು ಒಂದೇ ಆದರೂ ಎರಡೂ ಕಡೆ ಕೆಲಸ ಬೇರೆ. ಎಸ್‌ವಿಟಿಯಲ್ಲಿ ಆ ಓಟದ ಬಡಿತವನ್ನು ಬೇಕಂತಲೇ ಶುರು ಮಾಡಿಸಿ, ದಾರಿ ಎಲ್ಲಿದೆ ಅಂತ ಹುಡುಕಬೇಕು. ಮಂಪರು ಜಾಸ್ತಿಯಾದರೆ ಕೆಲವರಲ್ಲಿ ಅದು ಶುರುವಾಗುವುದೇ ಇಲ್ಲ. ಅದಕ್ಕೇ ತೊಡೆಸಂದಿ ಮರಗಟ್ಟಿಸಿ, ಸ್ವಲ್ಪ ಮಂಪರು ಬರಿಸಿದರೆ ಸಾಕು.

ನಿಮ್ಮ ತಂದೆಯವರಿಗೆ ಹಾಗಲ್ಲ. ಕ್ಯಾಥೆಟರ್ ಎಂಬ ತೆಳು ಕೊಳವೆ ತೊಡೆಸಂದಿಯಿಂದ ಹೋಗಿ, ಹೃದಯದ ಒಳಗೋಡೆ ದಾಟಿ, ಮೇಲಿನ ಎಡ ಕೋಣೆ ಸೇರಬೇಕು. ಅಲ್ಲಿ ಶ್ವಾಸಕೋಶದಿಂದ ಬರುವ ರಕ್ತನಾಳಗಳ ಬಾಯಿ ಸುತ್ತ ಸುಡಬೇಕು. ಒಂದು ದೊಡ್ಡ ಉಸಿರೆಳೆದರೂ ತುದಿ ಜಾರುತ್ತದೆ. ಪೂರ್ತಿ ಅನಸ್ತೇಸಿಯಾದಲ್ಲಿ ಅನಸ್ತೇಸಿಯಾ ವೈದ್ಯರಾದ ನಾವು ವೆಂಟಿಲೇಟರ್‌ನಿಂದ ಒಂದೇ ಸಮನಾದ ಉಸಿರು ಕೊಡುತ್ತೇವೆ. ಆ ಕೋಣೆಯ ಬೆನ್ನಿಗೇ ಅನ್ನನಾಳವಿದೆ. ಅದರೊಳಗೆ ಬಿಸಿ ಅಳೆಯುವ ತಂತಿ ಇಟ್ಟಿರುತ್ತೇವೆ. ಅಂಕಿ ಏರಿತೋ, ಕೂಗಿ ಹೇಳುತ್ತೇವೆ, ಸುಡುವುದು ಅಲ್ಲಿಗೇ ನಿಲ್ಲುತ್ತದೆ. ಸುಡುವ ಬದಲು ಬಲೂನಿನಿಂದ ತೀರಾ ತಣ್ಣಗಾಗಿಸಿ ಹೆಪ್ಪುಗಟ್ಟಿಸುವುದಾದರೆ ವಪೆಯ (ಎದೆ-ಹೊಟ್ಟೆ ನಡುವಿನ, ಉಸಿರಾಡಿಸುವ ಸ್ನಾಯು) ನರಕ್ಕೆ ಪೆಟ್ಟಾಗಬಹುದು. ಆಗ ಆ ನರವನ್ನು ಮಿಡಿಸುತ್ತಾ, ಪಕ್ಕೆಲುಬಿನ ಕೆಳಗೆ ಕೈಯಿಟ್ಟು ವಪೆ ಕುಪ್ಪಳಿಸುತ್ತಿದೆಯಾ ಅಂತ ನೋಡುತ್ತಲೇ ಇರುತ್ತೇವೆ. ಕುಪ್ಪಳಿಕೆ ಸಣ್ಣದಾದರೆ ತಕ್ಷಣ ನಿಲ್ಲಿಸುತ್ತಾರೆ.

ಗೊರಕೆ ವಿಷಯ ಸುಮ್ನೆ ಬಿಡಬೇಡಿ. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇದ್ದವರಿಗೆ ಬರೀ ಮಂಪರು ಕೊಟ್ಟರೆ ಗಂಟಲು ಮುಚ್ಚಿಕೊಳ್ಳಬಹುದು. ಅಂಥವರಿಗೆ ಟ್ಯೂಬ್ ಹಾಕಿ ಪೂರ್ತಿ ಮಲಗಿಸುವುದೇ ಕ್ಷೇಮ ಅಂತ ನನಗನಿಸುತ್ತದೆ. ಆ ಉಸಿರುಕಟ್ಟುವ ತೊಂದರೆಗೆ ಚಿಕಿತ್ಸೆ ಆಗದಿದ್ದರೆ ಅಬ್ಲೇಷನ್ ಆದಮೇಲೂ ಬಡಿತ ಮತ್ತೆ ಕೆಡುವ ಸಾಧ್ಯತೆ ಜಾಸ್ತಿ. ನಿದ್ದೆಯಲ್ಲಿ ಗಾಳಿ ಒತ್ತಿ ಉಸಿರುದಾರಿ ತೆರೆದಿಡುವ ಸಿಪ್ಯಾಪ್ ಯಂತ್ರ ಇದ್ದರೆ ಆಸ್ಪತ್ರೆಗೆ ತನ್ನಿ.

ಶುಗರ್ ಮಾತ್ರೆಗಳ ಚೀಟಿಯನ್ನು ಅನಸ್ತೇಸಿಯಾ ವೈದ್ಯರಿಗೆ ಮೊದಲೇ ತೋರಿಸಿ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಇದ್ದರೆ ಸಾಮಾನ್ಯವಾಗಿ 3 ದಿನ ಮುಂಚೆ ನಿಲ್ಲಿಸಲು ಹೇಳುತ್ತಾರೆ. ಇಲ್ಲದಿದ್ದರೆ ಶುಗರ್ ಅಷ್ಟೇನೂ ಏರದೆಯೂ ರಕ್ತದಲ್ಲಿ ಆಮ್ಲ ಏರಬಹುದು. ರಕ್ತ ತೆಳುವಾಗಿಸುವ ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಲೇಬೇಡಿ. ಗಡ್ಡೆ ಕಟ್ಟಿ ಮಿದುಳಿಗೆ ಹೋದರೆ ಪಾರ್ಶ್ವವಾಯು ಆಗುತ್ತದೆ.

ಇನ್ನು ಉಪವಾಸ. ಲಘು ತಿಂಡಿ 6 ಗಂಟೆ ಮುಂಚೆಯೇ ಮುಗಿದಿರಬೇಕು. ಹಾಲು ಹಾಕಿದ ಕಾಫಿಯೂ ತಿಂಡಿ ಲೆಕ್ಕವೇ. ಬರೀ ನೀರನ್ನು ಸಾಮಾನ್ಯವಾಗಿ 2 ಗಂಟೆ ಮುಂಚಿನವರೆಗೂ ಕುಡಿಯಬಹುದು. ನಿಮ್ಮ ಆಸ್ಪತ್ರೆಯವರು ಬೇರೆ ಸಮಯ ಕೊಟ್ಟಿದ್ದರೆ ಅದನ್ನೇ ಪಾಲಿಸಿ.