ಎರಡು ವರ್ಷದಿಂದ ಫೋಟೋ ಒಂದೇ ಥರ: ಕಲಾಶಾಲೆ ಸೇರಲೇ?

ಎಲ್ಲ ಚಿತ್ರವೂ ಒಂದೇ ಥರ ಕಾಣುತ್ತಿದ್ದರೆ ಕೊರತೆ ಬಹುಶಃ ತೆಗೆಯುವುದರಲ್ಲಲ್ಲ, ಆರಿಸುವುದರಲ್ಲಿ. ನಿಮ್ಮ ಚಿತ್ರ ನೋಡದೆ ಖಚಿತವಾಗಿ ಹೇಳಲಾರೆ. ಶಾಲೆಯ ಅರ್ಜಿ ತುಂಬುವ ಮೊದಲು ಇದನ್ನು ಮಾಡಿ ನೋಡಿ.

ಒಂದೇ ವಿಷಯದ 100 ಚಿತ್ರಗಳನ್ನು ಅಂಗೈಯಗಲ ಪ್ರಿಂಟ್ ಹಾಕಿಸಿ ನೆಲದ ಮೇಲೆ ಹರಡಿ. ಮೊದಲು 40ಕ್ಕೆ, ಒಂದು ವಾರ ಬಿಟ್ಟು 15ಕ್ಕೆ ಇಳಿಸಿ. ಮೊಬೈಲಿನಲ್ಲಿ ಮಾಡಬೇಡಿ, ಒಂದೊಂದಾಗಿ ನೋಡಿದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಪಕ್ಕಪಕ್ಕ ಇಟ್ಟಾಗಲೇ ಅದೇ ದೂರ, ಅದೇ ಕಣ್ಣಿನ ಎತ್ತರ, ನಟ್ಟನಡುವೆ ನಿಂತ ಅದೇ ಮುಖ ಎದ್ದು ಕಾಣುವುದು. ಆಮೇಲೆ ಆ 15ನ್ನು ನಿಮ್ಮ ಸ್ನೇಹಿತರಲ್ಲದ ಇಬ್ಬರು ಅನುಭವಿ ಛಾಯಾಗ್ರಾಹಕರಿಗೆ ಕೊಡಿ. ನೀವು ಏನೂ ವಿವರಿಸಬೇಡಿ. ಯಾವುದನ್ನು ಬದಿಗೆ ಸರಿಸಿದರು, ಏಕೆ ಎಂದಷ್ಟೇ ಬರೆದುಕೊಳ್ಳಿ. ಮುಂದಿನ 3 ತಿಂಗಳು ಜೂಮ್ ಇಲ್ಲದ ಒಂದೇ 35 ಎಂಎಂ ಲೆನ್ಸ್‌ನಲ್ಲಿ ಅವರು ತೋರಿದ ದೋಷವನ್ನೇ ತಿದ್ದಿ.

ಮದುವೆ, ಜಾಹೀರಾತು ಕೆಲಸಕ್ಕೆ ಪದವಿ ಕೇಳುವವರು ಕಡಿಮೆ. ಹಿರಿಯರೊಬ್ಬರ ಬಳಿ ಸಹಾಯಕರಾದರೆ ಬೆಳಕು, ಗ್ರಾಹಕ, ಬಿಲ್ ಮಾಡುವುದು ಮೂರನ್ನೂ ಕಲಿಯುತ್ತೀರಿ. ಪಾಠ ಹೇಳುವ ಆಸೆಯಿದ್ದರೆ ಮಾತ್ರ ಪದವಿ ಬೇಕಾಗಬಹುದು. ಆಗಲೂ ಶುಲ್ಕ ಕಟ್ಟುವ ಮುಂಚೆ, ವಿದ್ಯಾರ್ಥಿಗಳ ಚಿತ್ರಗಳನ್ನು ವಿಮರ್ಶಿಸುವ ಒಂದು ತರಗತಿಯಲ್ಲಿ ಕೂರಲು ಅನುಮತಿ ಕೇಳಿ. ಅಲ್ಲಿ ಮೇಷ್ಟ್ರ ಮಾತು ಅಪರ್ಚರ್, ಷಟರ್‌ನಂಥ ಕ್ಯಾಮೆರಾ ಸೆಟ್ಟಿಂಗ್ ದಾಟದಿದ್ದರೆ ಆ ಶಾಲೆಗಾಗಿ ಸಾಲ ಮಾಡಬೇಡಿ.